ಸವೆಸುವ ನೆಲ: ಸಾಖಿರ್ ಮರಳುಗಾಡಿನ ರೇಸ್ ಟ್ರ್ಯಾಕ್

ಸಭಿಕರೇ,

ಬಹರೈನ್ ದ್ವೀಪದ ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಹಳೆಯ ಊರುಗಳು ಹೆಚ್ಚಾಗಿ ಉತ್ತರದ ಅಂಚಿಗೆ ಗುಂಪುಗೂಡಿರುವುದು ಕಾಣುತ್ತದೆ. ಸಿಹಿನೀರಿನ ಬುಗ್ಗೆಗಳು, ಖರ್ಜೂರದ ತೋಟಗಳು, ಮುತ್ತು ತೆಗೆಯುವವರ ಬಂದರುಗಳು ಇದ್ದದ್ದು ಆ ಕಡೆಗೆ. ದಕ್ಷಿಣಕ್ಕೆ ಇಳಿದಂತೆ ನೆಲ ಒಣಗುತ್ತಾ ಹೋಗಿ, ಕಡೆಗೆ ಕಲ್ಲು, ಸುಣ್ಣದ ಮಣ್ಣು ಮತ್ತು ಮರಳು ಮಾತ್ರ ಉಳಿಯುತ್ತವೆ. ರಾಜಧಾನಿ ಮನಾಮಾದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಈ ಒಣ ಬಯಲಿನಲ್ಲಿ, ಸಾಖಿರ್ ಎಂಬ ಸ್ಥಳವಿದೆ. ಇಂದು ನಾನು ಮಾತನಾಡಬೇಕೆಂದಿರುವ ಬಹರೈನ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರುವುದು ಅಲ್ಲಿ.

ಈ ಬಯಲನ್ನು ಬರಡು ಎಂದು ಕರೆಯುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಸಾಖಿರ್‌ನ ಆಗ್ನೇಯಕ್ಕೆ ಜೆಬೆಲ್ ದುಖಾನ್ ಎಂಬ ಚಿಕ್ಕ ಗುಡ್ಡವಿದೆ. ಕೊಲ್ಲಿಯ ಅರಬ್ ತೀರದಲ್ಲಿ ಮೊದಲ ಬಾರಿಗೆ ತೈಲ ಸಿಕ್ಕಿದ್ದು ಆ ಗುಡ್ಡದ ಬುಡದಲ್ಲಿ, 1932ರಲ್ಲಿ. ಅದರಾಚೆ ಮರಳಿನ ನಡುವೆ ಒಂಟಿಯಾಗಿ ಒಂದು ಮರ ನಿಂತಿದೆ. ಅದಕ್ಕೆ ಸುಮಾರು 400 ವರ್ಷ ವಯಸ್ಸೆಂದು ಹೇಳುತ್ತಾರೆ, ಅಲ್ಲಿನ ಜನ ಅದನ್ನು ಜೀವವೃಕ್ಷ ಎನ್ನುತ್ತಾರೆ. ನಾವು ವಿಜಯದಶಮಿಯ ದಿನ ಪ್ರದಕ್ಷಿಣೆ ಹಾಕಿ ಎಲೆ ಹಂಚಿಕೊಳ್ಳುವ ಬನ್ನಿ ಮರದ ಜಾತಿಯೇ ಅದು. ಸುತ್ತ ಹನಿ ನೀರು ಕಾಣದ ಕಡೆಯಲ್ಲಿ ಬೇರನ್ನು ಆಳಕ್ಕಿಳಿಸಿ ನಿಂತ ಆ ಬನ್ನಿಯನ್ನು ನೋಡಿದ ಕನ್ನಡಿಗನಿಗೆ ಈ ನೆಲ ಪೂರ್ತಿ ಪರಕೀಯ ಅನ್ನಿಸುವುದಿಲ್ಲ. ಒಂಟೆಗಳನ್ನು ಸಾಕುತ್ತಿದ್ದ ಜಾಗದ ಮೇಲೆ ರೇಸ್ ಟ್ರ್ಯಾಕ್ ಎದ್ದದ್ದು ಈ ಬಯಲಿನಲ್ಲಿ, ತೈಲದ ಹಣ ಮತ್ತು ತೈಲ ಮುಗಿದ ಮೇಲಿನ ದಿನಗಳ ಚಿಂತೆ ಎರಡೂ ಕೂಡಿಕೊಂಡ ಹೊತ್ತಿನಲ್ಲಿ.

ಕೆಲಸ ಆರಂಭವಾದದ್ದು 2002ರ ನವೆಂಬರಿನಲ್ಲಿ. ಯುವರಾಜ ಸಲ್ಮಾನ್ ಬಿನ್ ಹಮದ್ ಅಲ್ ಖಲೀಫಾ ಅವರು ಇದನ್ನು ದೇಶದ ಯೋಜನೆಯಾಗಿ ಕೈಗೆತ್ತಿಕೊಂಡರು. ವಿನ್ಯಾಸವನ್ನು ಜರ್ಮನಿಯ ಹೆರ್ಮನ್ ಟಿಲ್ಕೆ ಅವರಿಗೆ ಒಪ್ಪಿಸಲಾಯಿತು. ಸುಮಾರು 15 ಕೋಟಿ ಅಮೆರಿಕನ್ ಡಾಲರ್ ವೆಚ್ಚದಲ್ಲಿ, ಒಂದೂವರೆ ವರ್ಷವೂ ತುಂಬುವ ಮೊದಲೇ ಟ್ರ್ಯಾಕ್ ಎದ್ದು ನಿಂತಿತು. 2004ರ ಏಪ್ರಿಲ್ 4ರಂದು ಮಧ್ಯಪ್ರಾಚ್ಯದ ಮೊಟ್ಟಮೊದಲ ಫಾರ್ಮುಲಾ ಒನ್ ಗ್ರ್ಯಾನ್ ಪ್ರಿ ಇಲ್ಲಿ ನಡೆಯಿತು. ಫೆರಾರಿಯ ಮೈಕೆಲ್ ಶುಮಾಕರ್ ಗೆದ್ದರು, ಅದೇ ತಂಡದ ರೂಬೆನ್ಸ್ ಬ್ಯಾರಿಕೆಲ್ಲೊ ಎರಡನೆಯವರಾದರು, ಜೆನ್ಸನ್ ಬಟನ್ ಮೂರನೆಯವರು. ವೇದಿಕೆಯ ಮೇಲೆ ಶಾಂಪೇನ್ ಚಿಮ್ಮಿಸುವ ಯುರೋಪಿನ ರೂಢಿ ಇಲ್ಲಿಗೆ ಬರಲಿಲ್ಲ. ದಾಳಿಂಬೆ ರಸಕ್ಕೆ ಪನ್ನೀರು ಸೇರಿಸಿ ಮಾಡಿದ, ಮದ್ಯವಿಲ್ಲದ ಪಾನೀಯವನ್ನು ಗೆದ್ದವರ ಕೈಗೆ ಕೊಟ್ಟರು. ಆ ಪದ್ಧತಿ ಮುಂದೆಯೂ ಉಳಿದುಕೊಂಡಿತು.

ಟಿಲ್ಕೆಯವರ ವಿನ್ಯಾಸಗಳೆಲ್ಲ ಒಂದೇ ಅಚ್ಚಿನವು, ಉದ್ದನೆಯ ನೇರ ದಾರಿ, ಕೊನೆಗೊಂದು ಬಿಗಿ ತಿರುವು, ಮತ್ತೆ ನೇರ ದಾರಿ, ಎಂಬ ದೂರು ಹಳೆಯದು. ಕಾಗದದ ಮೇಲಿನ ಗೆರೆಯನ್ನಷ್ಟೇ ನೋಡಿದರೆ ಸಾಖಿರ್ ವಿಷಯದಲ್ಲೂ ಆ ದೂರು ಹೊಂದುತ್ತದೆ. ಹೀಗಿದ್ದೂ ಇಪ್ಪತ್ತು ವರ್ಷಗಳಲ್ಲಿ ಈ ಟ್ರ್ಯಾಕ್ ಕೊಟ್ಟಷ್ಟು ತುರುಸಿನ ಓಟಗಳನ್ನು ಅದೇ ಕಾಲದಲ್ಲಿ ಕಟ್ಟಿದ ಬೇರೆ ಟ್ರ್ಯಾಕ್‌ಗಳು ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ ಗೆರೆಗಿಂತ ಹೆಚ್ಚಾಗಿ ನೆಲದಲ್ಲಿದೆ ಎಂದು ನಾನು ನಂಬಿದ್ದೇನೆ. ಕರಾವಳಿಯಲ್ಲಿ ಕಂಬಳ ನೋಡಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕರೆಯಲ್ಲಿ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಯಲ್ಲಿ, ಹಾರಿದಂತೆ ಓಡಿದ ಕೋಣಗಳು ಇನ್ನೊಂದು ಕರೆಯ ಕೆಸರಿನಲ್ಲಿ ಹಿಂದೆ ಬೀಳುತ್ತವೆ. ಓಟದ ಅರ್ಧ ತೀರ್ಪನ್ನು ನೆಲವೇ ಕೊಟ್ಟಿರುತ್ತದೆ.

ಸಾಖಿರ್‌ನ ನೆಲದ ಗುಟ್ಟು ಅದರ ಜಲ್ಲಿಯಲ್ಲಿದೆ. ಡಾಂಬರಿನೊಡನೆ ಬೆರೆಸಲು ಬೇಕಾದ ಕಲ್ಲನ್ನು ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಬೇಸ್ಟನ್ ಹಿಲ್ ಎಂಬಲ್ಲಿನ ಕಲ್ಲುಕ್ವಾರಿಯಿಂದ ಹಡಗಿನಲ್ಲಿ ತರಿಸಲಾಯಿತು. ತಂದದ್ದು ಸುಮಾರು 60,000 ಟನ್. ಮಳೆ ಬಿಡದೆ ಸುರಿಯುವ ಒಂದು ನಾಡಿನ ಗುಡ್ಡವನ್ನು ಒಡೆದು ಮಳೆಯೇ ಅಪರೂಪವಾದ ದ್ವೀಪಕ್ಕೆ ಸಾಗಿಸುವಷ್ಟು ಈ ಕಲ್ಲಿನಲ್ಲಿ ಏನಿತ್ತು? ಇದರ ಹೆಸರು ಗ್ರೇವ್ಯಾಕ್. ಗಾತ್ರ ಒಂದೇ ಸಮ ಇಲ್ಲದ ಹರಳುಗಳು ಗಟ್ಟಿಯಾಗಿ ಬೆಸೆದುಕೊಂಡ ಒಂದು ಬಗೆಯ ಮರಳುಗಲ್ಲು ಇದು. ಸಾಮಾನ್ಯ ರಸ್ತೆಯ ಜಲ್ಲಿ ಚಕ್ರಗಳು ಉಜ್ಜಿ ಉಜ್ಜಿ ನುಣುಪಾಗುತ್ತದೆ, ಮಳೆ ಬಿದ್ದಾಗ ಜಾರುತ್ತದೆ. ಗ್ರೇವ್ಯಾಕ್‌ನಲ್ಲಿ ಮೆದು ಕಣಗಳು ಮೊದಲು ಉದುರಿ, ಗಟ್ಟಿ ಹರಳುಗಳ ಚೂಪು ಮತ್ತೆ ಮೇಲೆ ಬರುತ್ತದೆ. ನಮ್ಮ ಮನೆಗಳಲ್ಲಿ ರುಬ್ಬುವ ಕಲ್ಲು ನುಣ್ಣಗಾದಾಗ ಕಲ್ಲು ಕುಟ್ಟುವವರನ್ನು ಕರೆದು ಉಳಿಯಿಂದ ಮತ್ತೆ ತರಿತರಿ ಮಾಡಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಉಳಿ ಸೋಕಿಸದೆಯೇ ತನ್ನ ತರಿಯನ್ನು ತಾನೇ ಉಳಿಸಿಕೊಳ್ಳುವ ರುಬ್ಬುಕಲ್ಲನ್ನು ಊಹಿಸಿಕೊಳ್ಳಿ, ಅದೇ ಸಾಖಿರ್‌ನ ಡಾಂಬರು. ಅದು ಟೈರಿಗೆ ಹಿಡಿತ ಕೊಡುತ್ತದೆ, ಹಿಡಿತದ ಬೆಲೆಯಾಗಿ ರಬ್ಬರನ್ನು ಅರೆದುಬಿಡುತ್ತದೆ.

ಎರಡನೆಯ ಸಂಗತಿ ಮರಳು. ಮೊದಲ ಓಟಕ್ಕೆ ಮುನ್ನ ಎಲ್ಲರನ್ನೂ ಕಾಡಿದ್ದು ಗಾಳಿ ಹೊತ್ತು ತರುವ ಮರಳು ಟ್ರ್ಯಾಕ್ ಮೇಲೆ ಕೂತರೆ ಗತಿಯೇನು, ಇಂಜಿನಿನೊಳಕ್ಕೆ ಹೊಕ್ಕರೆ ಗತಿಯೇನು ಎಂಬ ಚಿಂತೆ. ಟ್ರ್ಯಾಕ್‌ನ ಇಕ್ಕೆಲಗಳ ಮರಳಿನ ಮೇಲೆ ಅಂಟಿನಂಥ ದ್ರವವನ್ನು ಸಿಂಪಡಿಸಿ ಮೇಲ್ಪದರವನ್ನು ಹಿಡಿದು ನಿಲ್ಲಿಸುವ ಉಪಾಯ ಮಾಡಿದರು. ತಂಡಗಳು ಗಾಳಿ ಶೋಧಿಸುವ ಫಿಲ್ಟರ್‌ಗಳಿಗೆ ವಿಶೇಷ ಗಮನ ಕೊಟ್ಟವು. ಇಷ್ಟಾದರೂ ಮರಳು ಬಂದೇ ಬರುತ್ತದೆ. ಶುಕ್ರವಾರದ ಮೊದಲ ಅಭ್ಯಾಸದಲ್ಲಿ ಕಾರುಗಳು ಓಡಾಡಿ ರಬ್ಬರು ಮೆತ್ತಿಕೊಳ್ಳುವವರೆಗೆ ನೆಲದಲ್ಲಿ ಹಿಡಿತ ಇರುವುದಿಲ್ಲ. ಓಟದ ಗೆರೆಯಿಂದ ಒಂದು ಗೇಣು ಆಚೆ ಸರಿದ ಚಕ್ರ ಧೂಳೆಬ್ಬಿಸುತ್ತದೆ.

ಒಂದು ವರ್ಷ ನಾನು ಮೊದಲ ತಿರುವಿನ ಎದುರಿನ ಗ್ಯಾಲರಿಯಲ್ಲಿ ಕುಳಿತು ಓಟ ನೋಡಿದೆ. ಸಂಜೆ ಬಂದವನು ಕರವಸ್ತ್ರದಿಂದ ಆಸನ ಒರೆಸಿದಾಗ ಬಟ್ಟೆಗೆ ತಿಳಿ ಹಳದಿಯ ಹುಡಿ ಹತ್ತಿತು, ಹಿಟ್ಟಿಗಿಂತ ನಯವಾದ ಹುಡಿ. ಓಟ ಮುಗಿಯುವ ಹೊತ್ತಿಗೆ ಪಕ್ಕದ ಖಾಲಿ ಆಸನದ ಮೇಲೆ ಮತ್ತೆ ಅದೇ ತೆಳು ಪದರ ಕೂತಿತ್ತು. ಕೆಳಗೆ, ಕತ್ತಲೆಯಲ್ಲಿ ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಬಂದ ಕಾರುಗಳು ತಿರುವಿನ ಮೊದಲು ಒಮ್ಮೆಲೇ ಬ್ರೇಕ್ ಹಿಡಿದಾಗ ಚಕ್ರಗಳ ಒಳಗಿನ ತಟ್ಟೆಗಳು ಕುಲುಮೆಯ ಕಬ್ಬಿಣದಂತೆ ಕೆಂಪಗೆ ಹೊಳೆದು, ತಿರುವು ದಾಟುವಷ್ಟರಲ್ಲಿ ಆರಿ ಕಪ್ಪಾಗುತ್ತಿದ್ದವು. ಮೇಲೆ ಕೂತ ಧೂಳಿನ ಪದರ, ಕೆಳಗೆ ಕೆಂಡವಾಗುವ ಬ್ರೇಕು: ಸಾಖಿರ್ ಎಂದರೆ ನನ್ನ ಕಣ್ಣಿಗೆ ಈಗಲೂ ಮೊದಲು ಕಟ್ಟುವುದು ಇವೆರಡೇ.

ಒಂದು ಸುತ್ತನ್ನು ಕೂಡಿಯೇ ಹಾಕಿ ಬರೋಣ. ಉದ್ದ 5.412 ಕಿಲೋಮೀಟರ್, ತಿರುವುಗಳು 15, ಓಟಕ್ಕೆ 57 ಸುತ್ತು. ಓಟದ ನಡುವೆ ಕಾರುಗಳು ಟೈರು ಬದಲಿಸಿಕೊಳ್ಳುವ ಪಿಟ್ ಕಟ್ಟಡ ಮತ್ತು ಮುಖ್ಯ ಗ್ಯಾಲರಿಯ ಆಸುಪಾಸಿನಲ್ಲಿ ಹುಲ್ಲು ಬೆಳೆಸಿ ಹಸಿರಾಗಿಟ್ಟಿದ್ದಾರೆ, ಉಳಿದ ಭಾಗವನ್ನು ಮರಳು ಕಲ್ಲುಗಳ ಬಯಲಾಗಿಯೇ ಬಿಟ್ಟಿದ್ದಾರೆ. ಓಯಸಿಸ್‌ನಿಂದ ಹೊರಟು ಮರಳುಗಾಡು ಹೊಕ್ಕು ಮತ್ತೆ ಓಯಸಿಸ್‌ಗೆ ಮರಳುವ ಪಯಣದಂತೆ ಸುತ್ತು ಇರಬೇಕು ಎಂಬುದು ಟಿಲ್ಕೆಯವರ ಕಲ್ಪನೆ. ಮೊದಲ ತಿರುವು ಬಲಕ್ಕೆ, ಬಹಳ ಬಿಗಿ. 2013ರ ಡಿಸೆಂಬರಿನಲ್ಲಿ ಹಿಮದ ಮೇಲೆ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡ ಶುಮಾಕರ್ ಅವರ ಹೆಸರನ್ನು ಮರುವರ್ಷ ಈ ತಿರುವಿಗೆ ಇಟ್ಟರು. ನಾಲ್ಕನೆಯ ತಿರುವು ಅಗಲವಾದದ್ದು. ಮೊದಲ ತಿರುವಿನಲ್ಲಿ ಸ್ಥಾನ ಕಳೆದುಕೊಂಡವರು ಇಲ್ಲಿ ಹೊರಗಿನಿಂದ ಸುತ್ತಿ ಮರಳಿ ಪಡೆಯಬಹುದು, ಆದ್ದರಿಂದಲೇ ಇಲ್ಲಿ ಹಿಂದೆ ಹಾಕಿದ ಮಾತ್ರಕ್ಕೆ ಕಾಳಗ ಮುಗಿಯುವುದಿಲ್ಲ. ಐದರಿಂದ ಏಳರವರೆಗೆ ಎಡಬಲ ಬಳುಕುವ ವೇಗದ ತಿರುವುಗಳು. ಇಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೇ ದೊಡ್ಡ ಮಾತು, ಏಕೆಂದರೆ ಎದುರುಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ, ಹಿಂಗಾಳಿ ಆ ಒತ್ತಡವನ್ನು ಕದಿಯುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂಬತ್ತು ಮತ್ತು ಹತ್ತನೆಯ ತಿರುವುಗಳು. ಟಿವಿಯಲ್ಲಿ ಅವುಗಳ ಕಷ್ಟ ಕಾಣುವುದಿಲ್ಲ. ಎರಡೂ ಎಡಕ್ಕೆ ಇವೆ. ಒಂಬತ್ತನೆಯದರಲ್ಲಿ ಕಾರು ವಾಲಿಕೊಂಡಿರುವಾಗಲೇ ಹತ್ತನೆಯದಕ್ಕೆ ಬ್ರೇಕ್ ಹಿಡಿಯಬೇಕು. ಭಾರವೆಲ್ಲ ಬಲಗಡೆಗೆ ಹೊರಳಿರುವುದರಿಂದ ಎಡ ಮುಂಚಕ್ರ ಹಗುರಾಗಿರುತ್ತದೆ, ತುಸು ಹೆಚ್ಚು ಒತ್ತಿದರೂ ಅದು ತಿರುಗುವುದನ್ನು ನಿಲ್ಲಿಸಿ ನೆಲವನ್ನು ಉಜ್ಜಿಕೊಂಡು ಹೋಗುತ್ತದೆ. ಬಿಳಿ ಹೊಗೆ ಏಳುತ್ತದೆ, ಟೈರಿನ ಮೇಲೆ ಒಂದು ಚಪ್ಪಟೆ ಗುರುತು ಉಳಿಯುತ್ತದೆ, ಮುಂದಿನ ಸುತ್ತುಗಳುದ್ದಕ್ಕೂ ಕಾರು ನಡುಗುತ್ತದೆ. ಸಮಯ ಪಡೆಯುವ ತಿರುವುಗಳು ಬೇರೆ ಇವೆ, ಕಳೆದುಕೊಳ್ಳುವ ತಿರುವು ಇದು. ಇದಾದ ಮೇಲೆ ನೇರ ದಾರಿ, ಎಡಕ್ಕೆ ಹನ್ನೊಂದು, ಏರನ್ನು ಹತ್ತುತ್ತಾ ಬಲಕ್ಕೆ ಹನ್ನೆರಡು, ಹದಿಮೂರು, ಮತ್ತೆ ಉದ್ದನೆಯ ದಾರಿ, ಕೊನೆಯ ಎರಡು ತಿರುವುಗಳು. ಸುತ್ತು ಮುಗಿಯಿತು. ನೇರ ದಾರಿಗಳ ಕೊನೆಯಲ್ಲೆಲ್ಲ ಬ್ರೇಕು ಕಾಯುತ್ತದೆ, ನಿಧಾನ ತಿರುವುಗಳಿಂದ ಹೊರಬರುವಾಗ ಹಿಂದಿನ ಟೈರು ತಿರುಚಿಕೊಂಡು ಸವೆಯುತ್ತದೆ. ಇಡೀ ಸುತ್ತಿನಲ್ಲಿ ಟೈರಿಗೆ ಬಿಡುವು ಎಂಬುದು ಕಡಿಮೆ.

2010ರಲ್ಲಿ ಒಂದು ಬದಲಾವಣೆ ಮಾಡಿ ನೋಡಿದರು. ಫಾರ್ಮುಲಾ ಒನ್ ಚಾಂಪಿಯನ್‌ಷಿಪ್‌ಗೆ 60 ವರ್ಷ ತುಂಬಿದ ಸಂದರ್ಭದಲ್ಲಿ ನಾಲ್ಕನೆಯ ತಿರುವಿನ ಮುಂದೆ ಸುತ್ತುಬಳಸಿನ ಹೊಸ ಭಾಗವನ್ನು ಸೇರಿಸಿ ಉದ್ದವನ್ನು 6.299 ಕಿಲೋಮೀಟರಿಗೆ ಹೆಚ್ಚಿಸಿದರು. ಹೊಸ ಭಾಗ ಇಕ್ಕಟ್ಟಾಗಿ, ನಿಧಾನವಾಗಿತ್ತು. ಕಾರುಗಳು ಒಂದರ ಹಿಂದೊಂದು ಸಾಲಾಗಿ ಸಾಗಿದವು. ಫೆರಾರಿಗೆ ಆಗಷ್ಟೇ ಸೇರಿದ್ದ ಫರ್ನಾಂಡೊ ಅಲೊನ್ಸೊ ಗೆದ್ದರು. ಭಾರತದ ಕರುಣ್ ಚಾಂಡೋಕ್ ಅವರ ಮೊದಲ ಫಾರ್ಮುಲಾ ಒನ್ ಓಟವೂ ಅದೇ ಆಗಿತ್ತು, ಆದರೆ ಅವರು ಆರಂಭದಲ್ಲೇ ಹೊರಬಿದ್ದರು. ಮುಂದಿನ ಗ್ರ್ಯಾನ್ ಪ್ರಿಗಳಿಗೆ ಹಳೆಯ ದಾರಿಯೇ ಮರಳಿ ಬಂತು.

ಈಗ ಹೇಳಲಿರುವ ಅಧ್ಯಾಯವನ್ನು ಮುಚ್ಚಿಟ್ಟು ಸಾಖಿರ್‌ನ ಚರಿತ್ರೆ ಹೇಳುವುದು ನ್ಯಾಯವಲ್ಲ. 2011ರ ಫೆಬ್ರವರಿ 14ರಿಂದ ಬಹರೈನ್‌ನಲ್ಲಿ ಸರ್ಕಾರದ ವಿರುದ್ಧ ದೊಡ್ಡ ಪ್ರತಿಭಟನೆಗಳು ನಡೆದವು, ಅವುಗಳನ್ನು ಬಲಪ್ರಯೋಗದಿಂದ ಅಡಗಿಸಲಾಯಿತು, ಜನ ಸತ್ತರು. ಮಾರ್ಚಿನಲ್ಲಿ ನಡೆಯಬೇಕಿದ್ದ ಗ್ರ್ಯಾನ್ ಪ್ರಿಯನ್ನು ಕೈಬಿಟ್ಟರು. ಬೇಸಿಗೆಯಲ್ಲಿ ಅದನ್ನು ವರ್ಷದ ಕೊನೆಗೆ ನಡೆಸುವುದಾಗಿ ಘೋಷಿಸಿ, ತಂಡಗಳ ವಿರೋಧ ಬಂದ ಮೇಲೆ ಮತ್ತೆ ರದ್ದು ಮಾಡಿದರು. ಪ್ರತಿಭಟನೆಗಳ ನಂಟಿನ ಆರೋಪದ ಮೇಲೆ ಟ್ರ್ಯಾಕ್‌ನ ನೌಕರರಲ್ಲೇ ಕೆಲವರು ಬಂಧನಕ್ಕೆ ಒಳಗಾದರು, ಕೆಲಸ ಕಳೆದುಕೊಂಡರು.

2012ರ ಏಪ್ರಿಲಿನಲ್ಲಿ ಓಟ ನಡೆಯಿತು, ನೆಮ್ಮದಿಯಿಂದ ಮಾತ್ರ ನಡೆಯಲಿಲ್ಲ. ವಿಜಯ್ ಮಲ್ಯ ಅವರ ಒಡೆತನದಿಂದಾಗಿ ಬೆಂಗಳೂರಿನಲ್ಲಿ ಮನೆಮಾತಾಗಿದ್ದ ಫೋರ್ಸ್ ಇಂಡಿಯಾ ತಂಡದ ಸಿಬ್ಬಂದಿ ಟ್ರ್ಯಾಕ್‌ನಿಂದ ಮನಾಮಾಕ್ಕೆ ಮರಳುವ ದಾರಿಯಲ್ಲಿ ಪೊಲೀಸರು ಮತ್ತು ಪ್ರತಿಭಟನಾಕಾರರ ಘರ್ಷಣೆಯ ನಡುವೆ ಸಿಕ್ಕಿಹಾಕಿಕೊಂಡರು. ಅವರ ಕಾರಿನ ಹತ್ತಿರವೇ ಪೆಟ್ರೋಲ್ ಬಾಂಬ್ ಬಿತ್ತು. ತಂಡದ ಇಬ್ಬರು ಊರಿಗೆ ಹೊರಟುಹೋದರು. ಕತ್ತಲಾಗುವ ಮೊದಲೇ ಹೋಟೆಲ್ ಸೇರಬೇಕೆಂದು ತಂಡ ಶುಕ್ರವಾರದ ಎರಡನೆಯ ಅಭ್ಯಾಸವನ್ನೇ ಬಿಟ್ಟಿತು. ಓಟದ ಹಿಂದಿನ ದಿನ ಪ್ರತಿಭಟನಾಕಾರರೊಬ್ಬರ ಶವ ಪತ್ತೆಯಾಯಿತು. ಭಾನುವಾರ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಕ್ರೀಡೆಗೂ ರಾಜಕೀಯಕ್ಕೂ ಸಂಬಂಧವಿಲ್ಲ ಎಂದು ಆಗ ಬಹಳ ಮಂದಿ ಹೇಳಿದರು. ರಾಜ್ಯವೇ ಕಟ್ಟಿದ, ರಾಜ್ಯದ ಹೆಸರನ್ನು ಲೋಕಕ್ಕೆ ತೋರಿಸಲೆಂದೇ ಕಟ್ಟಿದ ಟ್ರ್ಯಾಕ್ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ ಎಂದೇ ನಾನು ಭಾವಿಸುತ್ತೇನೆ. ನಾನು ಈ ಟ್ರ್ಯಾಕನ್ನು ಪ್ರೀತಿಸುತ್ತೇನೆ, ಆ ಎರಡು ವರ್ಷಗಳ ನೋವನ್ನು ಆ ಪ್ರೀತಿಯ ಜೊತೆಗೇ ಇಟ್ಟುಕೊಂಡಿದ್ದೇನೆ.

2014ಕ್ಕೆ ಮೊದಲ ಓಟ ನಡೆದು ಹತ್ತು ವರ್ಷ. ಆ ವರ್ಷ ಟ್ರ್ಯಾಕ್ ಸುತ್ತ ಸುಮಾರು 500 ದೀಪದ ಕಂಬಗಳನ್ನು ನೆಟ್ಟು ಓಟವನ್ನು ರಾತ್ರಿಗೆ ತಂದರು. ಕೊಲ್ಲಿಯ ಬಿಸಿಲಿಗೆ ಹೆದರಿ ಮಾಡಿದ ಏರ್ಪಾಡು ಎಂದುಕೊಂಡರೆ ಅದು ಅರ್ಧ ಸತ್ಯ. ಯುರೋಪಿನವರು ಟಿವಿ ಮುಂದೆ ಕೂರುವ ಹೊತ್ತಿಗೆ ಓಟ ಹೊಂದಬೇಕೆಂಬ ಲೆಕ್ಕವೂ ಅದರಲ್ಲಿತ್ತು. ಏನೇ ಇರಲಿ, ಇದರಿಂದ ಟ್ರ್ಯಾಕ್‌ಗೆ ಎರಡು ಸ್ವಭಾವಗಳು ಬಂದವು. ಮೊದಲ ಮತ್ತು ಮೂರನೆಯ ಅಭ್ಯಾಸಗಳು ಹಗಲಿನಲ್ಲಿ, ಕಾದ ಡಾಂಬರಿನ ಮೇಲೆ ನಡೆಯುತ್ತವೆ. ಸ್ಥಾನ ನಿರ್ಣಯದ ಸುತ್ತು ಮತ್ತು ಓಟ ಸೂರ್ಯ ಮುಳುಗುವ ಹೊತ್ತಿಗೆ, ತಣಿಯುತ್ತಿರುವ ನೆಲದ ಮೇಲೆ. ಮಧ್ಯಾಹ್ನ ಹಿಂಚಕ್ರ ಜಾರಿಸುತ್ತಿದ್ದ ಕಾರು ಸಂಜೆ ಮುಂಚಕ್ರ ಜಾರಿಸಬಹುದು. ಹಗಲು ಕಲಿತ ಪಾಠವನ್ನು ರಾತ್ರಿಗೆ ಎಷ್ಟು ಒಯ್ಯಬೇಕು, ಎಷ್ಟು ಮರೆಯಬೇಕು ಎಂಬುದು ಇಂಜಿನಿಯರುಗಳಿಗೆ ಇಲ್ಲಿ ಪ್ರತಿ ವರ್ಷದ ತಲೆನೋವು.

ಆ ಮೊದಲ ರಾತ್ರಿಯ ಓಟ ಮರೆಯುವಂಥದ್ದಲ್ಲ. ಮರ್ಸಿಡಿಸ್‌ನ ಇಬ್ಬರು ಚಾಲಕರು, ಲೂಯಿಸ್ ಹ್ಯಾಮಿಲ್ಟನ್ ಮತ್ತು ನಿಕೊ ರೋಸ್‌ಬರ್ಗ್, ಒಂದೇ ಬಗೆಯ ಕಾರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಪರಸ್ಪರ ಬಿಟ್ಟುಕೊಡದೆ ಕಾದಾಡಿದರು. ಅಪಘಾತವೊಂದರಿಂದ, ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಸಾಗಿಸುವ ಸೇಫ್ಟಿ ಕಾರ್ ಬಂದು ಹೋದಾಗ ಹತ್ತರಷ್ಟು ಸುತ್ತುಗಳು ಉಳಿದಿದ್ದವು. ರೋಸ್‌ಬರ್ಗ್ ಬಳಿ ಹೆಚ್ಚು ಹಿಡಿತದ ಮೆದು ಟೈರು, ಹ್ಯಾಮಿಲ್ಟನ್ ಬಳಿ ಗಟ್ಟಿಯದು. ಲೆಕ್ಕದ ಪ್ರಕಾರ ರೋಸ್‌ಬರ್ಗ್ ಸುಲಭವಾಗಿ ಮುಂದೆ ಹೋಗಬೇಕಿತ್ತು. ಅವರು ಮೊದಲ ತಿರುವಿನಲ್ಲಿ ಒಳಗಿನಿಂದ ನುಗ್ಗುತ್ತಿದ್ದರು, ಹ್ಯಾಮಿಲ್ಟನ್ ನಾಲ್ಕನೆಯ ತಿರುವಿನಲ್ಲಿ ಮರಳಿ ಮುಂದಾಗುತ್ತಿದ್ದರು. ಒಂದೊಂದು ದಾಳಿಗೂ ಮೆದು ಟೈರು ತನ್ನ ಪಾಲು ತೆತ್ತಿತು. ಕೊನೆಗೆ ಹ್ಯಾಮಿಲ್ಟನ್ 1.085 ಸೆಕೆಂಡಿನ ಅಂತರದಲ್ಲಿ ಗೆದ್ದರು. ಮೂರನೆಯ ಸ್ಥಾನ ಸಿಕ್ಕಿದ್ದು ಫೋರ್ಸ್ ಇಂಡಿಯಾದ ಸೆರ್ಜಿಯೊ ಪೆರೆಜ್ ಅವರಿಗೆ. ಎರಡು ವರ್ಷಗಳ ಹಿಂದೆ ಹೆದರಿ ಹೋಟೆಲ್ ಸೇರಿದ್ದ ತಂಡ ಅದೇ ಟ್ರ್ಯಾಕ್‌ನ ವೇದಿಕೆ ಏರಿತ್ತು. 2009ರ ಬೆಲ್ಜಿಯಂ ಓಟದ ನಂತರ ಅವರಿಗೆ ಸಿಕ್ಕ ಮೊದಲ ವೇದಿಕೆ ಅದು.

2020 ಇಲ್ಲಿಗೆ ಎರಡು ಓಟಗಳನ್ನು ತಂದಿತು. ಕೋವಿಡ್ ಕಾರಣದಿಂದ ವಸಂತದ ಗ್ರ್ಯಾನ್ ಪ್ರಿ ನವೆಂಬರ್ ಕೊನೆಗೆ ಸರಿಯಿತು, ಮರುವಾರವೇ ಇನ್ನೊಂದನ್ನು ಹಮ್ಮಿಕೊಂಡರು. ಗ್ಯಾಲರಿಗೆ ಆರೋಗ್ಯ ಕಾರ್ಯಕರ್ತರು, ತುರ್ತು ಸೇವೆಯವರು ಮತ್ತು ಅವರ ಕುಟುಂಬದವರಿಗೆ ಮಾತ್ರ ಪ್ರವೇಶವಿತ್ತು.

ನವೆಂಬರ್ 29ರಂದು, ಮೊದಲ ಸುತ್ತಿನಲ್ಲೇ, ಮೂರನೆಯ ತಿರುವು ದಾಟಿದ ಕೂಡಲೇ ಹಾಸ್ ತಂಡದ ರೊಮ್ಯಾನ್ ಗ್ರೋಷನ್ ಅವರ ಕಾರು ದಾನಿಲ್ ಕ್ವ್ಯಾಟ್ ಅವರ ಕಾರಿಗೆ ತಗುಲಿ ಬಲಕ್ಕೆ ತಿರುಗಿತು. ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ಉಕ್ಕಿನ ತಡೆಗೋಡೆಗೆ ಹೊಡೆಯಿತು. ಮೂರು ಪಟ್ಟಿಗಳ ಆ ತಡೆ ಬಿಚ್ಚಿಕೊಂಡು, ಕಾರಿನ ಮುಂಭಾಗ ಅದರ ನಡುವೆ ತೂರಿಹೋಯಿತು, ಹಿಂಭಾಗ ತುಂಡಾಗಿ ಈಚೆಯೇ ಉಳಿಯಿತು, ಇಂಧನ ಹೊತ್ತಿಕೊಂಡಿತು. ಆಘಾತ ಗುರುತ್ವದ 67 ಪಟ್ಟು. ತಲೆಯ ಮೇಲಿನ ಹೇಲೊ ಎಂಬ ಟೈಟೇನಿಯಂ ಕಮಾನು ಇಲ್ಲದಿದ್ದರೆ ಆ ಉಕ್ಕಿನ ಪಟ್ಟಿ ನೇರ ತಲೆಗೇ ಬಡಿಯುತ್ತಿತ್ತು. ಮೊದಲ ಸುತ್ತಿನಲ್ಲಿ ಕಾರುಗಳ ಬೆನ್ನಿಗೇ ಹೋಗುವ ವೈದ್ಯಕೀಯ ಕಾರು ಕೆಲವೇ ಸೆಕೆಂಡುಗಳಲ್ಲಿ ಬಂದು ನಿಂತಿತು. ಡಾ. ಇಯಾನ್ ರಾಬರ್ಟ್ಸ್ ಉರಿಯ ಹತ್ತಿರಕ್ಕೇ ಓಡಿದರು, ಅಗ್ನಿಶಾಮಕ ಹಿಡಿದ ಮಾರ್ಷಲ್‌ಗಳು ಧಾವಿಸಿದರು. ಒಳಗೆ ಗ್ರೋಷನ್ ಅವರ ಎಡಗಾಲು ಸಿಕ್ಕಿಕೊಂಡಿತ್ತು, ಎಳೆದಾಗ ಬೂಟು ಅಲ್ಲೇ ಉಳಿದು ಕಾಲು ಬಂತು. 27 ಸೆಕೆಂಡು ಬೆಂಕಿಯೊಳಗಿದ್ದ ಮನುಷ್ಯ ಸುಟ್ಟ ಕೈಗಳಿಂದ ತಡೆಗೋಡೆ ಹಿಡಿದು ಹೊರಗೆ ಬಂದರು. ಆ 27 ಸೆಕೆಂಡುಗಳನ್ನು ಒಮ್ಮೆ ಗಡಿಯಾರ ನೋಡಿಕೊಂಡು ಎಣಿಸಿ ನೋಡಿ, ಎಷ್ಟು ದೀರ್ಘವೆಂದು ತಿಳಿಯುತ್ತದೆ. ಮುಂದಿನ ವಾರದ ಓಟಕ್ಕೆ ಆ ಜಾಗದಲ್ಲಿ ಉಕ್ಕಿನ ತಡೆಯ ಮುಂದೆ ಟೈರುಗಳ ಸಾಲನ್ನು ಜೋಡಿಸಿದ್ದರು.

ಆ ಮುಂದಿನ ವಾರದ ಓಟ ನಡೆದದ್ದು ಒಳಗಿನ ತಿರುವುಗಳನ್ನೆಲ್ಲ ಬಿಟ್ಟ ಹೊರಸುತ್ತಿನಲ್ಲಿ. ಉದ್ದ 3.543 ಕಿಲೋಮೀಟರ್, 87 ಸುತ್ತು. ಸ್ಥಾನ ನಿರ್ಣಯದಲ್ಲಿ ಸುತ್ತಿನ ಸಮಯ ಒಂದು ನಿಮಿಷಕ್ಕೂ ಕೆಳಗಿಳಿಯಿತು. ಕೋವಿಡ್ ತಗುಲಿದ ಹ್ಯಾಮಿಲ್ಟನ್ ಬದಲು ಬಂದ ಜಾರ್ಜ್ ರಸೆಲ್ ಓಟವನ್ನು ಹಿಡಿತದಲ್ಲಿಟ್ಟುಕೊಂಡಿದ್ದಾಗ, ಪಿಟ್‌ನಲ್ಲಿ ಅವರ ಕಾರಿಗೆ ಜೊತೆಗಾರನ ಟೈರುಗಳನ್ನು ತಪ್ಪಿ ತೊಡಿಸಲಾಯಿತು. ಅದನ್ನು ಸರಿಪಡಿಸಿಕೊಂಡು ಮತ್ತೆ ಮೇಲೇರುತ್ತಿದ್ದವರಿಗೆ ಟೈರು ಪಂಕ್ಚರ್ ಆಯಿತು. ಮೊದಲ ಸುತ್ತಿನಲ್ಲಿ ಡಿಕ್ಕಿಗೆ ಸಿಕ್ಕಿ ಕಟ್ಟಕಡೆಗೆ ಬಿದ್ದಿದ್ದ ಸೆರ್ಜಿಯೊ ಪೆರೆಜ್ ಗೆದ್ದರು. ಟೈರನ್ನು ಉಳಿಸಿಕೊಂಡು ಓಡಿಸುವುದರಲ್ಲಿ ಪೆರೆಜ್ ಅವರಷ್ಟು ಪಳಗಿದ ಕೈ ಆ ಕಾಲದಲ್ಲಿ ಹೆಚ್ಚಿರಲಿಲ್ಲ. ತಮ್ಮ 190ನೆಯ ಓಟದಲ್ಲಿ ಅವರಿಗೆ ಸಿಕ್ಕ ಮೊದಲ ಗೆಲುವು ಈ ನೆಲದಲ್ಲೇ ಬಂದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಅದೇ ದಿನ, ಅದೇ ಹೊರಸುತ್ತಿನಲ್ಲಿ ಮುಂಬೈಯ ಜೆಹಾನ್ ದಾರುವಾಲಾ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ ಸರಣಿಯ ಓಟ ಗೆದ್ದರು. ಆ ಸರಣಿಯಲ್ಲಿ ಭಾರತೀಯರೊಬ್ಬರ ಮೊದಲ ಗೆಲುವು ಅದು. ಸರಣಿಯ ಚಾಂಪಿಯನ್ ಪಟ್ಟ ದಕ್ಕಿದ್ದು ಮಿಕ್ ಶುಮಾಕರ್ ಅವರಿಗೆ, ತಂದೆಯ ಹೆಸರಿನ ತಿರುವನ್ನು ಸುತ್ತು ಸುತ್ತಿಗೂ ದಾಟಿ.

ಕರ್ನಾಟಕದ ಚಾಲಕರಿಗೂ ಸಾಖಿರ್ ಗೊತ್ತು. ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ ಟೂ ಸರಣಿಯನ್ನು ಆರಂಭಿಸಿದ್ದು ಇಲ್ಲಿಂದ. ಅವರ ತಮ್ಮ ಕುಶ್ ಮೈನಿ 2024ರಲ್ಲಿ ಇಲ್ಲಿ ಸ್ಥಾನ ನಿರ್ಣಯದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಪೋಲ್ ಸ್ಥಾನ ಗಳಿಸಿದರು, ಆದರೆ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವೆಂದು ಆ ಫಲಿತಾಂಶ ರದ್ದಾಯಿತು. ಆ ರಾತ್ರಿ ಸುದ್ದಿ ಓದಿ ನಾನು ಬಹಳ ಬೇಸರಪಟ್ಟೆ. ಒಂದು ಸುತ್ತಿನ ವೇಗ ಮಾತ್ರ ಅವರದೇ ಆಗಿತ್ತು, ಅದನ್ನು ಎಲ್ಲರೂ ಕಂಡಿದ್ದರು.

ಕೊನೆಯದಾಗಿ ಒಂದು ಅಂಕಿಯನ್ನು ನಿಮ್ಮ ಮುಂದಿಡುತ್ತೇನೆ, ಏಕೆಂದರೆ ಸಾಖಿರ್‌ನ ಗುಣ ಅದರಲ್ಲಿ ಅಡಗಿದೆ. 2020ರಲ್ಲಿ ಹ್ಯಾಮಿಲ್ಟನ್ ಪೋಲ್ ಸ್ಥಾನಕ್ಕಾಗಿ ಇಲ್ಲಿ ಓಡಿದ ಸುತ್ತಿನ ಸಮಯ 1 ನಿಮಿಷ 27.264 ಸೆಕೆಂಡು. ಕಾರುಗಳು ಎಷ್ಟು ವೇಗ ಪಡೆದಿವೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಓಟದ ನಡುವಿನ ಅತಿ ವೇಗದ ಸುತ್ತಿನ ದಾಖಲೆ 1 ನಿಮಿಷ 31.447 ಸೆಕೆಂಡು, ಅದು 2005ರ ಏಪ್ರಿಲಿನದು. ಅದನ್ನು ಬರೆದವರು ಚಾಂಪಿಯನ್ನರಲ್ಲ, ಗಾಯಗೊಂಡಿದ್ದ ಹುವಾನ್ ಪ್ಯಾಬ್ಲೊ ಮೊಂಟೊಯಾ ಬದಲಿಗೆ ಮೆಕ್‌ಲಾರೆನ್ ಕಾರು ಹತ್ತಿದ ಕಾಯ್ದಿರಿಸಿದ ಚಾಲಕ ಪೆದ್ರೊ ದೆ ಲಾ ರೋಸಾ. ಬಿಸಿಲು ಸುಮಾರು 42 ಡಿಗ್ರಿಯಿದ್ದ ಮಧ್ಯಾಹ್ನದ ಓಟ ಅದು. ಫಾರ್ಮುಲಾ ಒನ್ ಕಣಕ್ಕಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಅವರೂ ತಮ್ಮ ಮೊದಲ ವರ್ಷದಲ್ಲಿ ಅದರಲ್ಲಿದ್ದರು.

ಆ ವರ್ಷದ ನಿಯಮದಂತೆ ಓಟದ ನಡುವೆ ಟೈರು ಬದಲಿಸುವಂತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಜೊತೆ ಬಾಳಬೇಕಿದ್ದರಿಂದ, ಬಾಳುವಂತೆಯೇ ಅವನ್ನು ತಯಾರಿಸಿದ್ದರು. ಇಂಧನವನ್ನು ಮಾತ್ರ ನಡುವೆ ತುಂಬಿಸಬಹುದಿತ್ತು. ಚಾಲಕನನ್ನೂ ಸೇರಿಸಿ ಕಾರು ಸುಮಾರು 600 ಕಿಲೋ ತೂಗುತ್ತಿತ್ತು, ಹೊಟ್ಟೆಯಲ್ಲಿ ಸ್ವಲ್ಪವೇ ಇಂಧನ. 2024ರಲ್ಲಿ ಕಾರಿನ ಕನಿಷ್ಠ ತೂಕ 798 ಕಿಲೋ, ಓಟಕ್ಕೆ ಬೇಕಾದ ಅಷ್ಟೂ ಇಂಧನವನ್ನು ಮೊದಲೇ ಹೊತ್ತು ಹೊರಡಬೇಕು, ಟೈರುಗಳು ಸವೆದು ಸೋಲಲೆಂದೇ ತಯಾರಾದವು. ಹೊಸ ಟೈರು, ಹಗುರ ಕಾರು ಇರುವ ಒಂದೇ ಒಂದು ಸುತ್ತಿನಲ್ಲಿ 2020ರ ಕಾರು 2005ರ ಓಟದ ಆ ಸುತ್ತನ್ನು ನಾಲ್ಕು ಸೆಕೆಂಡು ಹಿಂದೆ ಬಿಟ್ಟಿತು. ಓಟ ಆರಂಭವಾಗಿ ಶ್ರಾಪ್‌ಶೈರಿನ ಆ ಕಲ್ಲು ಅರೆಯಲು ತೊಡಗಿದ ಮೇಲೆ ಚಾಲಕರು ಒಂಬತ್ತನೆಯ ತಿರುವಿನಲ್ಲಿ ಕಾಲನ್ನು ತುಸು ಮೊದಲೇ ಎತ್ತುತ್ತಾರೆ, ಹೊರಬರುವಾಗ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತಾರೆ, ಇಪ್ಪತ್ತನೆಯ ಸುತ್ತಿಗೆಂದು ಹತ್ತನೆಯ ಸುತ್ತಿನಲ್ಲಿ ಉಳಿಸುತ್ತಾರೆ. 2024ರ ಓಟದಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಓಡಿದ ಅತಿ ವೇಗದ ಸುತ್ತು 1 ನಿಮಿಷ 32.608 ಸೆಕೆಂಡು. ದೆ ಲಾ ರೋಸಾ ಆಗಲೂ ಒಂದು ಸೆಕೆಂಡಿಗೂ ಹೆಚ್ಚು ಮುಂದಿದ್ದರು.